ಕಾಲು ಕಿಲೋ ಡಾರ್ಕ್

ಮಡಿಕೇರಿಯ ಅಂಗಡಿ ಬೀದಿಗಳಲ್ಲಿ ಕಾಫಿ ಪುಡಿ, ಜೇನು, ಕಾಳುಮೆಣಸು, ಏಲಕ್ಕಿಗಳ ಪಕ್ಕದಲ್ಲೇ ‘ಹೋಮ್‌ಮೇಡ್ ಚಾಕೊಲೇಟ್’ ಎಂಬ ಫಲಕ ನೇತಾಡುತ್ತಿರುತ್ತದೆ. ಕೊಡಗಿನ ನೆನಪಿಗೆಂದು ಪ್ರವಾಸಿಗರು ಹೊತ್ತೊಯ್ಯುವ ಈ ತಿನಿಸಿಗೆ ಬೇಕಾದ ಕೊಕ್ಕೊ ಬೆಳೆ ಕಾಫಿ ತೋಟಗಳ ಎತ್ತರದಲ್ಲಿ ಕಾಣಸಿಗುವುದು ಕಡಿಮೆ. ಅದನ್ನು ನೋಡಬೇಕಾದರೆ ಸಂಪಾಜೆ ಘಾಟಿ ಇಳಿದು ಅಡಿಕೆ ತೋಟಗಳ ಕಡೆಗೆ ಹೋಗಬೇಕು. ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಅರವತ್ತು ದಾಟಿದ ಗಿರಾಕಿ. ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಬಿಪಿ ಮಾತ್ರೆ ನುಂಗುವವರು, ಓದಿದ್ದನ್ನು ನಂಬುವವರು. ಇನ್ನೊಬ್ಬಳು ಚಾಕೊಲೇಟ್ ಮಾಡಿ ಮಾರುವವಳು. ಹೊಗಳಬೇಕಾದವಳು ಅನುಮಾನಿಸುತ್ತಾಳೆ, ಅನುಮಾನಿಸಬೇಕಾದ ವಯಸ್ಸಿನವರು ಹೊಗಳುತ್ತಾರೆ. ವ್ಯಾಪಾರದಲ್ಲಿ ಹೀಗೆಲ್ಲ ನಡೆಯುವುದಿಲ್ಲ ಎನ್ನಬಹುದು, ಪ್ರಬಂಧದಲ್ಲಿ ನಡೆಯುತ್ತದೆ.

ಗಿರಾಕಿ: ಕಾಲು ಕಿಲೋ ಡಾರ್ಕ್ ಕಟ್ಟಮ್ಮ. ಬಾದಾಮಿ, ದ್ರಾಕ್ಷಿ ಹಾಕಿದ್ದು ಬೇಡ, ಬರೀ ಡಾರ್ಕ್. ವಾರಕ್ಕೆ ಅಷ್ಟು ಬೇಕಾಗ್ತದೆ. ಹೃದಯಕ್ಕೆ ಒಳ್ಳೇದು.

ಅಂಗಡಿಯಾಕೆ: ಬಾಯಿಗೆ ಒಳ್ಳೇದು ಅನ್ನಿ ಸರ್, ಈಗಲೇ ಕಟ್ತೇನೆ. ಹೃದಯಕ್ಕೆ ಅಂತ ಕೊಳ್ಳೋದಾದ್ರೆ ಸ್ವಲ್ಪ ತಡೀರಿ. ನನ್ನ ಯಾವ ಫಲಕದಲ್ಲೂ ಆ ಮಾತು ಬರೆದಿಲ್ಲ.

ಗಿರಾಕಿ: ನೀನು ಬರೆಯದಿದ್ರೇನು, ವಿಜ್ಞಾನಿಗಳು ಬರೆದಿದ್ದಾರೆ. ಪನಾಮಾ ದೇಶದ ಕರಾವಳಿಯ ಸಣ್ಣ ದ್ವೀಪಗಳಲ್ಲಿ ಕುನಾ ಅಂತ ಒಂದು ಜನ ಇದ್ದಾರೆ. ನಮ್ಮ ಹಾಗೆ ಅವರಿಗೆ ವಯಸ್ಸಿನ ಜೊತೆ ರಕ್ತದೊತ್ತಡ ಏರ್ತಿರಲಿಲ್ಲ. ಹಾರ್ವರ್ಡ್‌ನ ನಾರ್ಮನ್ ಹಾಲೆನ್‌ಬರ್ಗ್ ತಂಡ 1997ರಲ್ಲಿ ಬರೆದ ಪ್ರಕಾರ ಅದು ರಕ್ತದಲ್ಲಿ ಬಂದ ಗುಣವೂ ಅಲ್ಲ, ಯಾಕಂದ್ರೆ ಅದೇ ಕುನಾಗಳು ಪನಾಮಾ ಪಟ್ಟಣಕ್ಕೆ ಬಂದು ನೆಲೆಸಿದ ಮೇಲೆ ಬಿಪಿ ಏರೋಕೆ ಶುರುವಾಯ್ತು. ದ್ವೀಪದಲ್ಲಿದ್ದಾಗ ದಿನಕ್ಕೆ ಹಲವು ಸಲ ಕೊಕ್ಕೊ ಕುಡೀತಿದ್ರು, ಪಟ್ಟಣಕ್ಕೆ ಬಂದ ಮೇಲೆ ಅದು ಕಡಿಮೆಯಾಯ್ತು. ಅಲ್ಲಿಂದ ಹುಡುಕಾಟ ಜೋರಾಯ್ತು. ಕೊಕ್ಕೊ ಬೀಜದಲ್ಲಿ ಫ್ಲೇವನಾಲ್ ಅನ್ನೋ ವಸ್ತು ಇದೆ. ಅದು ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಾಗುವ ಹಾಗೆ ಮಾಡ್ತದೆ, ನಾಳ ಸಡಿಲಾಗ್ತದೆ, ಒತ್ತಡ ಇಳೀತದೆ. ಇದು ಅಜ್ಜಿ ಕಥೆ ಅಲ್ಲ, ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದು. 2012ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯೂ ದಿನಕ್ಕೆ 200 ಮಿಲಿಗ್ರಾಂ ಕೊಕ್ಕೊ ಫ್ಲೇವನಾಲ್ ರಕ್ತನಾಳದ ಬಳುಕನ್ನು ಕಾಪಾಡ್ತದೆ ಅನ್ನೋದನ್ನು ಒಪ್ಪಿದೆ.

ಅಂಗಡಿಯಾಕೆ: ದ್ವೀಪ ಬಿಟ್ಟು ಪಟ್ಟಣಕ್ಕೆ ಬಂದವರು ಕೊಕ್ಕೊ ಒಂದನ್ನೇ ಬಿಟ್ಟು ಬಂದ್ರಾ ಸರ್? ದೋಣಿ ಹುಟ್ಟು ಹಾಕೋದು ಬಿಟ್ರು, ಮೀನು, ಬಾಳೆಕಾಯಿಯ ಊಟ ಬಿಟ್ರು, ಬಾಡಿಗೆ ಕೊಡೋ ಚಿಂತೆ ಹಚ್ಕೊಂಡ್ರು. ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋದವರ ಬಿಪಿಯೂ ಏರ್ತದೆ. ಹಳ್ಳಿಯಲ್ಲಿ ಬಿಟ್ಟು ಹೋದ ಯಾವ ಪದಾರ್ಥದ ಮೇಲೆ ತಪ್ಪು ಹೊರಿಸ್ತೀರಿ? ಅದು ಹೋಗ್ಲಿ, ಜನರಿಗೆ ತಿನ್ನಿಸಿಯೇ ನೋಡಿದ ಪ್ರಯೋಗಗಳಿಗೆ ಬನ್ನಿ. 2017ರಲ್ಲಿ ಕಾಕ್ರೇನ್ ಸಂಸ್ಥೆಯವರು ಅಂಥ 35 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದ್ರು. ಬಿಪಿ ಸರಾಸರಿ ಇಳಿದದ್ದು 2 ಮಿಲಿಮೀಟರ್‌ಗೂ ಸ್ವಲ್ಪ ಕಡಿಮೆ. ಅವೆಲ್ಲ 2 ವಾರದಿಂದ 18 ವಾರದವರೆಗಿನ ಪ್ರಯೋಗಗಳು, ಕೊಟ್ಟ ಫ್ಲೇವನಾಲ್ ಸರಾಸರಿ ದಿನಕ್ಕೆ 670 ಮಿಲಿಗ್ರಾಂ. ಕಂಪನಿಗಳ ಸಂಬಂಧ ಇದ್ದ ಪ್ರಯೋಗಗಳಲ್ಲಿ ಲಾಭ ಸ್ವಲ್ಪ ಹೆಚ್ಚಾಗಿಯೇ ಕಂಡಿತು ಅಂತ ಅವರೇ ಹೇಳಿದ್ದಾರೆ. ಉಪ್ಪಿನಕಾಯಿ, ಒಣಮೀನು ಸ್ವಲ್ಪ ಕಡಿಮೆ ಮಾಡಿ ಸರ್, ಇದಕ್ಕಿಂತ ಹೆಚ್ಚು ಇಳೀತದೆ. ಅದಕ್ಕೆ ನನಗೆ ದುಡ್ಡೂ ಕೊಡಬೇಕಾಗಿಲ್ಲ.

ಗಿರಾಕಿ: ಸರಾಸರಿ ಹೇಳಿದೆ, ಬಿಪಿ ಇರೋವರ ಲೆಕ್ಕ ಬಿಟ್ಟೆ. ಅದೇ ಕಾಕ್ರೇನ್ ವರದಿಯಲ್ಲಿ, ಮೊದಲೇ ಒತ್ತಡ ಹೆಚ್ಚಿದ್ದವರಲ್ಲಿ ಇಳಿಕೆ 4 ಮಿಲಿಮೀಟರ್ ಹತ್ತಿರ ಇದೆ. ಸರಿಯಾಗಿದ್ದವರಲ್ಲಿ ಇಳಿಯೋಕೆ ಜಾಗವೇ ಇರೋದಿಲ್ಲ, ಅವರನ್ನೂ ಸೇರಿಸಿದ್ರೆ ಸರಾಸರಿ ಸಣ್ಣದಾಗ್ತದೆ. ಇನ್ನು ನೀನು ಕೇಳೋ ದೊಡ್ಡ, ದೀರ್ಘ ಪ್ರಯೋಗವೂ ನಡೆದಿದೆ. ಅಮೆರಿಕದಲ್ಲಿ ಕಾಸ್ಮೋಸ್ ಅಂತ ಹೆಸರಿಟ್ಟು 21,442 ಹಿರಿಯರನ್ನು ಸೇರಿಸಿ, ಅರ್ಧ ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ ಕೊಕ್ಕೊ ಫ್ಲೇವನಾಲ್, ಉಳಿದವರಿಗೆ ಏನೂ ಇಲ್ಲದ ಕ್ಯಾಪ್ಸೂಲ್ ಕೊಟ್ರು. ಮೂರೂವರೆ ವರ್ಷದ ಮೇಲೆ ನೋಡಿದ್ರೆ, ಕೊಕ್ಕೊ ತಗೊಂಡವರಲ್ಲಿ ಹೃದ್ರೋಗದ ಸಾವು 27% ಕಡಿಮೆ. 2022ರಲ್ಲಿ ಪ್ರಕಟವಾಗಿದೆ.

ಅಂಗಡಿಯಾಕೆ: ಕ್ಯಾಪ್ಸೂಲ್ ಅಂದ್ರಲ್ಲ, ಅಲ್ಲೇ ನಿಲ್ಲಿ. ಆ ಪ್ರಯೋಗ ಕೇಳಬೇಕು ಅಂತಲೇ ಇಟ್ಕೊಂಡ ಮೊದಲ ಪ್ರಶ್ನೆ ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿ ಒಟ್ಟು ಕಡಿಮೆಯಾಗ್ತದಾ ಅನ್ನೋದು. ಅದಕ್ಕೆ ಸಿಕ್ಕ ಉತ್ತರ 10% ಇಳಿಕೆ. ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ನೀವು ಹೇಳಿದ 27% ಎರಡನೇ ಸಾಲಿನ ಪ್ರಶ್ನೆಯ ಉತ್ತರ. ಇರಲಿ, ಸುಳ್ಳು ಅಂತ ಹೇಳ್ತಿಲ್ಲ, ಆಸೆ ಹುಟ್ಟಿಸೋ ಅಂಕಿಯೇ. ಆದ್ರೆ ಆ ಹಿರಿಯರು ಯಾರೂ ಚಾಕೊಲೇಟ್ ತಿನ್ನಲಿಲ್ಲ ಸರ್. ಕೊಕ್ಕೊದ ಸಾರ ತೆಗೆದು ತುಂಬಿಸಿದ ಕ್ಯಾಪ್ಸೂಲ್ ನುಂಗಿದ್ರು. ಅದರಲ್ಲಿ ಸಕ್ಕರೆ ಇಲ್ಲ, ಎಣ್ಣೆ ಇಲ್ಲ, ರುಚಿಯೂ ಇಲ್ಲ. ಪ್ರಯೋಗಕ್ಕೆ ದುಡ್ಡು ಹಾಕಿದವರಲ್ಲಿ ಮಾರ್ಸ್ ಕಂಪನಿಯೂ ಇತ್ತು. ಚಾಕೊಲೇಟ್ ಮಾಡೋ ಕಂಪನಿಯೇ ಚಾಕೊಲೇಟ್ ಬದಲು ಕ್ಯಾಪ್ಸೂಲ್ ಕೊಡಿಸಿತು ಅಂದ್ರೆ ಅದಕ್ಕೂ ಗೊತ್ತಿತ್ತು. ನನ್ನ ಟ್ರೇಯಲ್ಲಿ ಇರೋದು ಏನು ಅಂತ ಹೇಳ್ಲಾ? ನಾನು ಬೀಜ ಹುರಿಯೋದಿಲ್ಲ, ರುಬ್ಬೋದಿಲ್ಲ. ಕಾಂಪೌಂಡ್ ಅಂತ ಗಟ್ಟಿ ಸ್ಲ್ಯಾಬ್ ಬರ್ತದೆ, ಕರಗಿಸ್ತೇನೆ, ಅಚ್ಚಿಗೆ ಹೊಯ್ತೇನೆ, ಫ್ರಿಜ್‌ನಲ್ಲಿಡ್ತೇನೆ. ‘ಹೋಮ್‌ಮೇಡ್’ ಅನ್ನೋ ಮಾತಿನ ಹಿಂದೆ ಎಷ್ಟೋ ಕಡೆ ಇರೋದು ಇಷ್ಟೇ ಕೆಲಸ. ಕಾಂಪೌಂಡ್‌ನಲ್ಲಿ ಕೊಕ್ಕೊ ಪುಡಿ ಇದೆ, ಕೊಕ್ಕೊ ಬೆಣ್ಣೆ ಇಲ್ಲ. ಅದರ ಜಾಗದಲ್ಲಿ ಗಟ್ಟಿ ಮಾಡಿದ ತಾಳೆ ಜಾತಿಯ ಎಣ್ಣೆ. ಸುಮಾರು ಅರ್ಧ ಭಾಗ ಸಕ್ಕರೆ.

ಇಲ್ಲಿ ಗಿರಾಕಿ ತಕ್ಷಣ ಉತ್ತರಿಸಲಿಲ್ಲ ಎಂದು ಬರೆದರೆ ಓದುಗರು ಒಪ್ಪಬಹುದು. ಆದರೆ ಮೇಷ್ಟರಾಗಿದ್ದವರು ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ.

ಗಿರಾಕಿ: ಹಾಗಾದ್ರೆ ತಪ್ಪು ನಿನ್ನ ಸ್ಲ್ಯಾಬ್‌ನದ್ದು, ಚಾಕೊಲೇಟಿನದ್ದಲ್ಲ. ಕಾನೂನಿನ ಪ್ರಕಾರವೇ, ಚಾಕೊಲೇಟ್ ಅಂತ ಕರೀಬೇಕಾದ್ರೆ ಕೊಕ್ಕೊ ಬೆಣ್ಣೆ ಬಿಟ್ಟು ಬೇರೆ ಸಸ್ಯದ ಕೊಬ್ಬು 5% ಮೀರಬಾರದು. ಕೊಕ್ಕೊ ಬೆಣ್ಣೆಯೂ ಜಿಡ್ಡೇ, ಒಪ್ತೇನೆ. ಆದ್ರೆ ಅದರಲ್ಲಿ ಮೂರನೇ ಒಂದು ಪಾಲು ಸ್ಟಿಯರಿಕ್ ಆಮ್ಲ. ಬೇರೆ ಗಟ್ಟಿ ಕೊಬ್ಬಿನ ಹಾಗೆ ಅದು ಕೆಟ್ಟ ಕೊಲೆಸ್ಟರಾಲ್ ಏರಿಸೋದಿಲ್ಲ. ಇನ್ನೊಂದು ಮೂರನೇ ಪಾಲು ಆಲಿವ್ ಎಣ್ಣೆಯಲ್ಲಿರೋ ಓಲಿಕ್ ಆಮ್ಲ. ತಾಳೆಯ ಬೀಜದ ಎಣ್ಣೆಗೆ ಈ ಮರ್ಯಾದೆ ಇಲ್ಲ. ಬಾಯಲ್ಲಿಟ್ಟರೂ ಗೊತ್ತಾಗ್ತದೆ: ಕೊಕ್ಕೊ ಬೆಣ್ಣೆ 34 ಡಿಗ್ರಿ ಆಸುಪಾಸಿಗೆ ಕರಗ್ತದೆ, ನಾಲಿಗೆಯ ಬಿಸಿ ಸಾಕು. ಕಾಂಪೌಂಡ್ ಮೇಣದ ಹಾಗೆ ಅಂಗುಳಿಗೆ ಅಂಟಿಕೊಳ್ತದೆ. ಒಳ್ಳೇ ಪದಾರ್ಥ ದೂರದಿಂದ ಬರಬೇಕಾಗಿಯೂ ಇಲ್ಲ. 1980ರ ಹೊತ್ತಿಗೆ ಕೊಕ್ಕೊ ಬೀಜ ಕೇಳೋವರೇ ಇಲ್ಲದೆ ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಮುಂದೆ ಬಂದು ಬೀಜ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಕಾರ್ಖಾನೆಯನ್ನೇ ಕಟ್ಟಿತು. ಇಲ್ಲಿಂದ ಘಾಟಿ ಇಳಿದ್ರೆ ಅದೇ ರಸ್ತೆ. ರೈತನ ಬೀಜ, ರೈತನ ಕಾರ್ಖಾನೆ ಇಷ್ಟು ಹತ್ತಿರ ಇಟ್ಕೊಂಡು ನೀನು ಎಣ್ಣೆಯ ಸ್ಲ್ಯಾಬ್ ತರಿಸ್ತೀಯಲ್ಲ, ಮಾರಾಯ್ತಿ.

ಅಂಗಡಿಯಾಕೆ: ಬೈಸಿಕೊಳ್ತೇನೆ, ಅದರ ಲೆಕ್ಕ ಆಮೇಲೆ ಮಾಡೋಣ. ಈಗ ಕಾಂಪೌಂಡ್ ಬಿಡಿ, ಅಪ್ಪಟ ಚಾಕೊಲೇಟೇ ಅಂತ ಇಟ್ಕೊಳ್ಳಿ. ತೋಟದಲ್ಲಿ ಕೊಕ್ಕೊ ಹಣ್ಣು ಒಡೆದು ಹಸಿ ಬೀಜ ಕಚ್ಚಿ ನೋಡಿದ್ದೀರಲ್ಲ? ಮೇಲಿನ ಬಿಳಿ ಲೋಳೆ ಸಿಹಿ, ಒಳಗಿನ ನೇರಳೆ ಬೀಜ ಬಾಯೆಲ್ಲ ಒಗರು. ಆ ಕಹಿ, ಆ ಒಗರು ಬಹುಪಾಲು ನಿಮ್ಮ ಫ್ಲೇವನಾಲ್‌ನದ್ದೇ. ಆಮೇಲೆ ಮನುಷ್ಯ ಮಾಡೋದೆಲ್ಲ ಆ ಒಗರನ್ನು ಓಡಿಸೋ ಕೆಲಸ. ಬೀಜವನ್ನು ಐದಾರು ದಿನ ಪೆಟ್ಟಿಗೆಯಲ್ಲಿ ಮುಚ್ಚಿ ಹುದುಗಿಸ್ತಾರೆ, ಸ್ವಲ್ಪ ಹೋಗ್ತದೆ. ಒಣಗಿಸ್ತಾರೆ, ಹುರೀತಾರೆ, ಇನ್ನೂ ಸ್ವಲ್ಪ ಹೋಗ್ತದೆ. ಕೊನೆಗೆ ಪುಡಿಯ ಬಣ್ಣ ಕಪ್ಪಾಗಲಿ, ಹಾಲಿನಲ್ಲಿ ಚೆನ್ನಾಗಿ ಬೆರೆಯಲಿ ಅಂತ ಕ್ಷಾರ ಹಾಕ್ತಾರೆ; ಹಾಲೆಂಡಿನ ವಾನ್ ಹೂಟೆನ್ ಮನೆತನದವರು ಹತ್ತೊಂಬತ್ತನೇ ಶತಮಾನದಲ್ಲಿ ಶುರು ಮಾಡಿದ ವಿಧಾನ. 2008ರಲ್ಲಿ ಅಳೆದವರ ಪ್ರಕಾರ ಕ್ಷಾರ ಹಾಕದ ಪುಡಿಯಲ್ಲಿ ಗ್ರಾಮಿಗೆ 34 ಮಿಲಿಗ್ರಾಂ ಇದ್ದ ಫ್ಲೇವನಾಲ್, ಜೋರಾಗಿ ಕ್ಷಾರ ಹಾಕಿದ ಪುಡಿಯಲ್ಲಿ 4ಕ್ಕೆ ಇಳಿದಿತ್ತು. ಅಂದ್ರೆ ಹೆಚ್ಚು ಕಪ್ಪಗೆ ಕಂಡದ್ದರಲ್ಲಿ ಔಷಧಿ ಕಡಿಮೆ ಇರಬಹುದು. ನೀವು ‘ಡಾರ್ಕ್’ ಅಂತ ಬಣ್ಣ ನೋಡಿ ಕೊಳ್ತೀರಿ. ಡಬ್ಬಿ ಮೇಲೆ 70% ಅಂತ ಬರೆದಿದ್ರೂ ಅದು ಕೊಕ್ಕೊ ಎಷ್ಟಿದೆ ಅಂತ ಹೇಳ್ತದೆ, ಅದರಲ್ಲಿ ಏನು ಉಳಿದಿದೆ ಅಂತ ಹೇಳೋದಿಲ್ಲ. ರುಚಿಯಾಗಿದ್ದಷ್ಟೂ ಗುಣ ಕಳೆದಿರ್ತದೆ ಅನ್ನೋದು ನನ್ನ ವಾದ. ಹಿತವಾದ ಚಾಕೊಲೇಟನ್ನು ಔಷಧಿ ಅಂತ ತಿನ್ನೋದು, ಕಷಾಯದಿಂದ ಕಷಾಯ ತೆಗೆದು ಬೆಲ್ಲ ಉಳಿಸಿಕೊಂಡು ಕುಡಿದ ಹಾಗೆ.

ಗಿರಾಕಿ: ವಾದ ಚೆನ್ನಾಗಿದೆ, ಆದ್ರೆ ಅದನ್ನು ಕೊನೆ ತನಕ ಎಳೆದ್ರೆ ಎಲ್ಲಿಗೆ ಹೋಗ್ತದೆ ನೋಡು. ಕ್ಷಾರ ಹಾಕದ ಪುಡಿ ಸಿಗ್ತದೆ. ಅದನ್ನು ಬಿಸಿ ಹಾಲಿಗೋ ನೀರಿಗೋ ಬೆರೆಸಿ, ಸಕ್ಕರೆ ಇಲ್ಲದೆ ಕುಡಿದ್ರೆ ನೀನೇ ಹೇಳಿದ 34ರ ಲೆಕ್ಕದಲ್ಲಿ ಆರು ಗ್ರಾಂ, ಅಂದ್ರೆ ಎರಡು ಚಮಚ ಪುಡಿ, ಯುರೋಪಿನವರ 200 ಮಿಲಿಗ್ರಾಂ ತಲುಪ್ತದೆ. ಕಷ್ಟದ ಮಾತೇನಲ್ಲ. ಕುನಾಗಳೂ ಕುಡಿದದ್ದು, ತಿಂದದ್ದಲ್ಲ. ಕಾಫಿ ಕುಡಿಯೋ ನಾಡಿನವರಿಗೆ ಕಹಿ ಹೊಸದಾ? ಬೆಲ್ಲ ಹಾಕದ ಕರಿ ಕಾಫಿ ಕುಡಿಯೋ ಎಷ್ಟೋ ಹಿರಿಯರು ಇಲ್ಲಿದ್ದಾರೆ.

ಅಂಗಡಿಯಾಕೆ: ಆ ಪುಡಿ ಬೇಕಾದ್ರೆ ನಾನೇ ತರಿಸಿ ಕೊಡ್ತೇನೆ. ಅಮೆರಿಕದ ಆಹಾರ ಇಲಾಖೆ 2023ರಲ್ಲಿ ಅನುಮತಿ ಕೊಟ್ಟದ್ದೂ ಪುಡಿಗೇ, ಅದೂ ಫ್ಲೇವನಾಲ್ ಹೆಚ್ಚಿರೋ ಪುಡಿಗೆ ಮಾತ್ರ: ಕನಿಷ್ಠ 4% ಫ್ಲೇವನಾಲ್ ಇರೋ ಪುಡಿಯ ಡಬ್ಬಿ ಮೇಲೆ ಹೃದಯದ ಮಾತು ಬರೀಬಹುದು, ಆದ್ರೆ ಸಾಕ್ಷ್ಯ ಬಹಳ ಸೀಮಿತ ಅಂತಲೂ ಜೊತೆಗೇ ಬರೀಬೇಕು. ಸಾಮಾನ್ಯ ಚಾಕೊಲೇಟಿಗೆ ಆ ಅನುಮತಿ ಇಲ್ಲ. ಈಗ ನಿಮ್ಮ ಕಾಲು ಕಿಲೋ ಲೆಕ್ಕ ಮಾಡಿ. ವಾರಕ್ಕೆ 250 ಗ್ರಾಂ ಅಂದ್ರೆ ದಿನಕ್ಕೆ ಸುಮಾರು 36 ಗ್ರಾಂ. ಅರ್ಧ ಸಕ್ಕರೆ ಅಂದ್ರೆ ಹತ್ತಿರ ಹತ್ತಿರ 18 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಹೊರಗಿಂದ ಸೇರಿಸಿದ ಸಕ್ಕರೆ ದಿನದ ಶಕ್ತಿಯ 10% ಮೀರಬಾರದು, 5%ರ ಒಳಗಿದ್ರೆ ಇನ್ನೂ ಒಳ್ಳೇದು ಅಂತ. 5% ಅಂದ್ರೆ ಸುಮಾರು 25 ಗ್ರಾಂ. ನನ್ನ ಚಾಕೊಲೇಟೇ ಮುಕ್ಕಾಲು ಪಾಲು ನುಂಗಿತು. ಎರಡು ಲೋಟ ಸಿಹಿ ಕಾಫಿಗೆ ಜಾಗ ಎಲ್ಲಿ ಉಳಿಯಿತು? ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಹೃದಯ ಕಾಯೋಕೆ ಹೋಗಿ ಆ ಸಾಲಿಗೆ ಸೇರೋದು ಬೇಡ ಅಂತ ಅಷ್ಟೇ ನನ್ನ ಆತಂಕ.

ಗಿರಾಕಿ: ಸಕ್ಕರೆ ಕಾಯಿಲೆ ಅಂದ್ಯಲ್ಲ, 2024ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಹಾರ್ವರ್ಡ್ ಅಧ್ಯಯನ ನೋಡಿಲ್ವಾ? ವಾರಕ್ಕೆ ಕನಿಷ್ಠ ಐದು ಸಲ ಡಾರ್ಕ್ ಚಾಕೊಲೇಟ್ ತಿಂದವರಲ್ಲಿ ಟೈಪ್ 2 ಮಧುಮೇಹದ ಅಪಾಯ 21% ಕಡಿಮೆ. ಹಾಲಿನ ಚಾಕೊಲೇಟಿಗೆ ಆ ಲಾಭ ಇಲ್ಲ, ತೂಕ ಏರೋದೊಂದೇ. ಒಂದು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ.

ಅಂಗಡಿಯಾಕೆ: ನೋಡಿದ್ದೇನೆ. ತಿನ್ನಿಸಿ ನೋಡಿದ್ದಲ್ಲ ಸರ್, ತಿನ್ನುವವರನ್ನು ದೂರದಿಂದ ನೋಡಿದ್ದು. ಕಹಿ ಚಾಕೊಲೇಟ್ ಹುಡುಕಿ ತಿನ್ನೋ ಮನುಷ್ಯ ಬೇರೆ ಊಟದಲ್ಲೂ ಎಚ್ಚರದಿಂದ ಇರ್ತಾನೆ, ನಡೀತಾನೆ, ದುಡ್ಡು ಇರೋವನೂ ಆಗಿರ್ತಾನೆ. ಲೆಕ್ಕದಲ್ಲಿ ಅದನ್ನೆಲ್ಲ ಕಳೆದಿದ್ದೇವೆ ಅಂತಾರೆ, ಪೂರ್ತಿ ಕಳೆಯೋಕೆ ಆಗೋದಿಲ್ಲ. 2012ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಯಾವ ದೇಶ ಹೆಚ್ಚು ಚಾಕೊಲೇಟ್ ತಿನ್ನುತ್ತದೋ ಅದಕ್ಕೆ ನೊಬೆಲ್ ಬಹುಮಾನವೂ ಹೆಚ್ಚು ಅಂತ 23 ದೇಶಗಳ ನಕ್ಷೆ ಬಂತು. ಸ್ವಿಟ್ಜರ್ಲೆಂಡ್ ಎಲ್ಲರಿಗಿಂತ ಮೇಲೆ. ಬರೆದ ವೈದ್ಯರ ಮಾತಲ್ಲಿ ಅರ್ಧ ನಗೆ ಇತ್ತು, ಓದಿದವರಲ್ಲಿ ಎಷ್ಟೋ ಜನ ನಿಜ ಅಂದ್ಕೊಂಡ್ರು. 2015ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಇನ್ನೂ ಚೆನ್ನಾಗಿ ಆಡಿಸಿದ. ಹದಿನೈದು ಜನರ ಮೇಲೆ ಹದಿನೆಂಟು ಬಗೆಯ ಅಳತೆ ಮಾಡಿ, ಅದರಲ್ಲಿ ಅದೃಷ್ಟಕ್ಕೆ ಹೊಂದಿದ ಒಂದನ್ನು ಹಿಡಿದು ಚಾಕೊಲೇಟ್ ತಿಂದ್ರೆ ಬೇಗ ತೂಕ ಇಳೀತದೆ ಅಂತ ಪ್ರಕಟಿಸಿದ. ಎಷ್ಟೋ ದೇಶಗಳ ಪತ್ರಿಕೆಗಳು ಅಚ್ಚು ಹಾಕಿದವು. ಆಮೇಲೆ ಅವನೇ ಬಂದು, ನಿಮ್ಮನ್ನು ಪರೀಕ್ಷೆ ಮಾಡಿದೆ ಅಂದ. ಚಾಕೊಲೇಟ್ ಬಗ್ಗೆ ಒಳ್ಳೇ ಸುದ್ದಿ ಬಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳೋದಿಲ್ಲ.

ಗಿರಾಕಿ: ನಿನ್ನ ಅನುಮಾನಕ್ಕೂ ಒಂದು ಅಳತೆ ಬೇಕಲ್ಲ. ದೂರದಿಂದ ನೋಡಿದ್ದು ಸುಳ್ಳು, ಹತ್ತಿರದಿಂದ ನೋಡಿದ್ದು ಕಂಪನಿಯದ್ದು, ಕ್ಯಾಪ್ಸೂಲ್ ಕೊಟ್ಟರೆ ಚಾಕೊಲೇಟ್ ಅಲ್ಲ. ಇದೇ ತಕ್ಕಡಿಯಲ್ಲಿ ಕಾಫಿಯನ್ನು, ತುಪ್ಪವನ್ನು, ಜೇನನ್ನು ತೂಗಿದ್ರೆ ಯಾವುದು ನಿಲ್ತದೆ? ಆಹಾರದ ವಿಷಯದಲ್ಲಿ ಇಪ್ಪತ್ತು ವರ್ಷ ಒಬ್ಬನನ್ನು ಕೂಡಿಹಾಕಿ ತಿನ್ನಿಸೋಕೆ ಆಗೋದಿಲ್ಲ. ಬೇರೆ ಬೇರೆ ಬಗೆಯ ಅರೆಬರೆ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಕೈ ತೋರಿಸಿದ್ರೆ ಅದಕ್ಕೊಂದು ಬೆಲೆ ಇದೆ. ನಾಳ ಸಡಿಲಾಗೋದು ಕಂಡಿದೆ, ಒತ್ತಡ ಇಳಿದದ್ದು ಕಂಡಿದೆ, ದೊಡ್ಡ ಪ್ರಯೋಗದಲ್ಲಿ ಸಾವು ಕಡಿಮೆಯಾದ ಸುಳಿವೂ ಇದೆ. ಮೂರನ್ನೂ ಬೇರೆ ಬೇರೆಯಾಗಿ ಹೊಡೆದು ಹಾಕಬಹುದು, ಒಟ್ಟಿಗೆ ನಿಂತಾಗ ಅಷ್ಟು ಸುಲಭ ಅಲ್ಲ. ಇನ್ನೊಂದು, ನಾನು ಚಾಕೊಲೇಟ್ ತಿನ್ನೋದು ಮೈಸೂರ್‌ಪಾಕ್ ಬದಲಿಗೆ, ಉಪವಾಸದ ಬದಲಿಗೆ ಅಲ್ಲ. ಯಾವುದರ ಜಾಗದಲ್ಲಿ ತಿನ್ನುತ್ತಾನೆ ಅನ್ನೋದನ್ನು ಬಿಟ್ಟು ಯಾವ ತಿನಿಸನ್ನೂ ಅಳೆಯೋಕೆ ಬರೋದಿಲ್ಲ.

ಈ ಮಾತು ಅಂಗಡಿಯಾಕೆಗೆ ನಾಟಬೇಕಾದದ್ದು. ಮೂರು ಕಡೆಯ ಅರೆ ಸಾಕ್ಷ್ಯ ಕೂಡಿದರೆ ಎಷ್ಟು ಸಾಕ್ಷ್ಯ ಎಂಬುದಕ್ಕೆ ವೈದ್ಯರ ನಡುವೆಯೂ ಒಮ್ಮತ ಇಲ್ಲ.

ಅಂಗಡಿಯಾಕೆ: ಮೈಸೂರ್‌ಪಾಕ್ ಮಾತು ಒಪ್ಪಿದೆ. ಕಾಸ್ಮೋಸ್ ಸುಳಿವನ್ನೂ ಪಕ್ಕಕ್ಕೆ ತಳ್ಳೋದಿಲ್ಲ. ಆದ್ರೆ ನೀವು ಹೇಳಿದ ದಾರಿಯಲ್ಲೇ ಹೋಗಿ, ಒಳ್ಳೇ ಕಪ್ಪು ಚಾಕೊಲೇಟ್ ದಿನವೂ ತಿಂದ್ರೆ ಇನ್ನೊಂದು ಮುಳ್ಳು ಉಂಟು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ 28 ಡಾರ್ಕ್ ಚಾಕೊಲೇಟ್‌ಗಳನ್ನು ಪರೀಕ್ಷೆ ಮಾಡಿತು. ಎಲ್ಲದರಲ್ಲೂ ಸೀಸ, ಕ್ಯಾಡ್ಮಿಯಂ ಸಿಕ್ಕಿತು. 23ರಲ್ಲಿ, ದಿನಕ್ಕೆ ಒಂದು ಔನ್ಸ್ ತಿಂದ್ರೂ ಇವೆರಡರಲ್ಲಿ ಒಂದಾದರೂ ಕ್ಯಾಲಿಫೋರ್ನಿಯಾದ ಮಿತಿ ಮೀರ್ತದೆ ಅಂತ ಲೆಕ್ಕ ಬಂತು. ಕ್ಯಾಡ್ಮಿಯಂ ಮಣ್ಣಿಂದ ಬೇರಿಗೆ, ಬೇರಿಂದ ಬೀಜಕ್ಕೆ ಹೋಗ್ತದೆ. ವರ್ಷಗಟ್ಟಲೆ ಮೂತ್ರಪಿಂಡದಲ್ಲಿ ಕೂರ್ತದೆ. ಸೀಸ ಬಹುಪಾಲು ಆಮೇಲೆ, ಬೀಜ ಬಯಲಲ್ಲಿ ಒಣಗುವಾಗ ಧೂಳಿಂದ ಅಂಟ್ತದೆ. ಕೊಕ್ಕೊ ಹೆಚ್ಚಿದ್ದಷ್ಟೂ ಇವೂ ಹೆಚ್ಚು. ಅಂದ್ರೆ ಸಕ್ಕರೆಯ ಭಯಕ್ಕೆ ಕಪ್ಪಿಗೆ ಹೋದ್ರೆ ಕ್ಯಾಡ್ಮಿಯಂ ಕಾಯ್ತದೆ.

ಗಿರಾಕಿ: ಕ್ಯಾಲಿಫೋರ್ನಿಯಾದ ಮಿತಿ ಲೋಕದಲ್ಲೇ ಬಿಗಿಯಾದ್ದರಲ್ಲಿ ಒಂದು. ಕ್ಯಾಡ್ಮಿಯಂ ಅನ್ನದಲ್ಲೂ, ಸೊಪ್ಪಿನಲ್ಲೂ ಇರ್ತದೆ. ಹಾಗಂತ ಊಟ ಬಿಡ್ತೇವಾ? ದಿನವೂ ಒಂದೇ ಕಂಪನಿಯದ್ದು ತಿನ್ನಬೇಡ, ಮಕ್ಕಳಿಗೆ, ಬಸುರಿಯರಿಗೆ ಕಪ್ಪು ಚಾಕೊಲೇಟ್ ರೂಢಿ ಮಾಡಬೇಡ ಅನ್ನೋದು ಸರಿಯಾದ ಎಚ್ಚರಿಕೆ. ಅದಕ್ಕಿಂತ ಮುಂದೆ ಹೋದ್ರೆ ಹೆದರಿಕೆ ಅಷ್ಟೇ.

ಅಂಗಡಿಯಾಕೆ: ಅಷ್ಟನ್ನಾದರೂ ನಿಮ್ಮ ಬಾಯಿಂದ ಕೇಳಿದೆ. ಇನ್ನೆರಡು ಸಣ್ಣವು ಉಂಟು. ಊಟದ ಜೊತೆಗೇ ತಿಂದ್ರೆ ಅನ್ನ, ಬೇಳೆಯ ಕಬ್ಬಿಣ ದೇಹಕ್ಕೆ ಹತ್ತೋದು ಕಡಿಮೆಯಾಗ್ತದೆ, ಚಹಾ-ಕಾಫಿಯ ಹಾಗೇ. ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇರುವಾಗ ಇದು ಸಣ್ಣದೂ ಅಲ್ಲ. ನಿಮ್ಮ ಮನೆ ನಾಯಿಗಂತೂ ಒಂದು ತುಂಡೂ ಹಾಕಬೇಡಿ. ಥಿಯೋಬ್ರೋಮಿನ್ ಅನ್ನೋದು ನಮ್ಮ ಮೈಯಿಂದ ಬೇಗ ಹೊರಗೆ ಹೋಗ್ತದೆ, ನಾಯಿಯ ಮೈಯಲ್ಲಿ ಉಳಿದುಕೊಂಡು ಹೃದಯದ ಬಡಿತ ಕೆಡಿಸ್ತದೆ. ನೀವು ಹೊಗಳೋ ಅಪ್ಪಟ ಕಪ್ಪೇ ಅದಕ್ಕೆ ಹೆಚ್ಚು ವಿಷ.

ಗಿರಾಕಿ: ಸರಿ, ನಾಯಿಯ ವಿಷಯದಲ್ಲಿ ಸೋತೆ. ಈಗ ನೀನು ಮುಂದಕ್ಕೆ ಹಾಕಿದ ಲೆಕ್ಕಕ್ಕೆ ಬಾ. ಇಷ್ಟೆಲ್ಲ ಗೊತ್ತಿದ್ದೂ ಟ್ರೇ ಮೇಲೆ ‘ಡಾರ್ಕ್ ಚಾಕೊಲೇಟ್’ ಅಂತ ಚೀಟಿ ಇದೆ. ಇದು ಕಾಂಪೌಂಡ್, ಇದು ಕೊಕ್ಕೊ ಬೆಣ್ಣೆಯದ್ದು ಅಂತ ಎರಡು ಚೀಟಿ ಹಚ್ಚೋಕೆ ಏನು ಕಷ್ಟ? ಬ್ರಿಟನ್ನಿನಲ್ಲಿ ಕೊಕ್ಕೊ ಕಡಿಮೆ ಮಾಡಿದ ಮೇಲೆ ಪೆಂಗ್ವಿನ್, ಕ್ಲಬ್ ಬಿಸ್ಕೆಟ್ಟಿನವರು 2025ರಲ್ಲಿ ‘ಚಾಕೊಲೇಟ್’ ಅನ್ನೋದನ್ನು ಬಿಟ್ಟು ‘ಚಾಕೊಲೇಟ್ ಫ್ಲೇವರ್’ ಅಂತ ಬರೀಬೇಕಾಯ್ತು.

ಅಂಗಡಿಯಾಕೆ: ಅಲ್ಲಿ ಎಲ್ಲರೂ ಬರೀಲೇಬೇಕು, ಅದಕ್ಕೇ ಬರೆದ್ರು. ಇಲ್ಲಿ ಬಿಡಿಯಾಗಿ ತೂಗಿ ಕೊಡೋ ಸರಕು. ಒಳಗೆ ಏನಿದೆ ಅಂತ ಕೇಳೋ ಗಿರಾಕಿ ಅಪರೂಪ. ನಾನೊಬ್ಬಳೇ ‘ಕಾಂಪೌಂಡ್’ ಅಂತ ಹಚ್ಚಿದ್ರೆ ದಸರಾ ರಜೆಗೆ ಬಂದವರು ಅದನ್ನು ಓದಿ ಪಕ್ಕದ ಅಂಗಡಿಯಲ್ಲಿ ಅದೇ ಸ್ಲ್ಯಾಬಿನದ್ದು ಕೊಳ್ತಾರೆ. 2024ರ ಮಾರ್ಚ್‌ನಲ್ಲಿ ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿತು. ಘಾಟಿ ಕೆಳಗಿನ ರೈತನಿಗೆ ಅದು ಒಳ್ಳೇ ವರ್ಷ, ಕೊಕ್ಕೊ ಬೆಣ್ಣೆಯದ್ದು ಕೊಳ್ಳಬೇಕಾದ್ರೆ ನನಗೆ ಅಲ್ಲ.

ಗಿರಾಕಿ: ಎರಡೂ ಇಡು. ಹೆಚ್ಚು ಬೆಲೆ ಕೊಟ್ಟು ಒಳ್ಳೇದು ಕೊಳ್ಳೋವರು ನನ್ನ ಹಾಗೆ ಇದ್ದೇ ಇರ್ತಾರೆ.

ಅಂಗಡಿಯಾಕೆ: ಅದನ್ನೂ ಕಾಲು ಕಿಲೋ ಕೊಳ್ತೀರಾ?

ಗಿರಾಕಿ: ನಿನ್ನ ಸಕ್ಕರೆ ಲೆಕ್ಕ ಕೇಳಿದ ಮೇಲೆ ಅಷ್ಟು ಹೇಗೆ ತಿನ್ನಲಿ? ವಾರಕ್ಕೆ ನೂರು ಗ್ರಾಂ ಸಾಕು.

ಅಂಗಡಿಯಾಕೆ: ನೂರು ಗ್ರಾಂ ಕೊಳ್ಳೋ ಆರೋಗ್ಯವಂತ ಗಿರಾಕಿಗಳಿಂದ ಈ ಬೀದಿಯಲ್ಲಿ ಅಂಗಡಿ ಬಾಡಿಗೆ ಹುಟ್ಟೋದಿಲ್ಲ ಸರ್. ಎರಡು ಟ್ರೇ ಇಡ್ತೇನೆ, ಚೀಟಿಯನ್ನೂ ಹಚ್ತೇನೆ, ಪ್ರವಾಸಿಗರ ಸೀಸನ್ ಮುಗಿದ ಮೇಲೆ. ಅಲ್ಲಿ ತನಕ ನಿಮ್ಮ ಹೃದಯಕ್ಕೆ ಕ್ಷಾರ ಹಾಕದ ಪುಡಿ ತರಿಸ್ತೇನೆ. ಕಹಿ ಅಂತ ವಾಪಸ್ ತಂದ್ರೆ ಮಾತ್ರ ತಗೊಳ್ಳೋದಿಲ್ಲ.